ಮನೆ ತೋರಿಸುವವಳ ಒರೆ
ಖಾಲಿ ಮನೆಯ ಬೀಗ ತೆಗೆಯುವ ಮುನ್ನ ವರ್ಲೀನ್ ಸ್ಟಕಿ ತನ್ನ ಕೋಟನ್ನು ಕೆಳಗೆಳೆದು ಸೊಂಟಕ್ಕೆ ಬೈಯುತ್ತಾಳೆ. ಬೈಗುಳ ಸೊಂಟಕ್ಕಲ್ಲ, ಅಲ್ಲಿ ಪ್ಯಾಂಟಿನೊಳಗೆ ಅಡಗಿರುವ ಪಿಸ್ತೂಲಿನ ಚರ್ಮದ ಒರೆಗೆ. ನಮ್ಮ ಓಕ್ಲಹೋಮಾದಲ್ಲಿ ಮನೆ ಮಾರಿಸುವ ಅನೇಕ ಹೆಂಗಸರು ಹೀಗೇ, ಪಿಸ್ತೂಲು ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ಇವಳು ಸ್ವಲ್ಪ ಜೋರು. ಒರೆ ಕೊಳ್ಳಲು ಹೋದಾಗ ಬಂದೂಕಿನ ಅಂಗಡಿಯವನು, "ಮೇಡಂ, ಗುಲಾಬಿ ಬಣ್ಣದ್ದೂ ಇದೆ" ಎಂದಾಗ, "ನಾನು ಬಣ್ಣ ಕೇಳಿದ್ನೇನಪ್ಪಾ? ಹೆಂಗಸ್ರ ಸೊಂಟಕ್ಕೆ ಕೂರೋದು ಕೇಳ್ದೆ. ಒರೆ ಮಾಡೋರೆಲ್ಲ ಅಳೆದಿದ್ದು ನಿಮ್ಮಪ್ಪನ ಸೊಂಟಾನಾ?" ಎಂದು ಎಲ್ಲರೂ ತಿರುಗಿ ನೋಡುವಂತೆ ಕೂಗಿದ್ದಳು. ಕೊನೆಗೆ ಕೊಂಡದ್ದು ಕುದುರೆಯ ಜೀನು ಹೊಲಿಯುವವನ ಕೈಕೆಲಸ, ಎತ್ತಿನ ದಪ್ಪ ಚರ್ಮದ್ದು. ಅದು ಹದವಾಗಲೆಂದು ಗುಂಡಿಲ್ಲದ ಪಿಸ್ತೂಲನ್ನು ಮೇಣದ ಕಾಗದದಲ್ಲಿ ಸುತ್ತಿ ಒಳಗೆ ತುರುಕಿ, ಸೊಂಟಕ್ಕೆ ಸಿಕ್ಕಿಸಿಕೊಂಡೇ ಪಾತ್ರೆ ತೊಳೆದಳು, ಗಂಡನೊಡನೆ ಜಗಳವಾಡಿದಳು. ಈಗಲೂ ಅದು ಕಾರಿನಲ್ಲಿ ಕೂತರೆ ಒತ್ತುತ್ತದೆ, ಬಗ್ಗಿದರೆ ಕಿರುಗುಟ್ಟುತ್ತದೆ. ಅವಳು ಕೆಮ್ಮಿ ಸದ್ದು ಮುಚ್ಚುತ್ತಾಳೆ. ನೆಲಮಾಳಿಗೆಯ ಬಾಗಿಲಲ್ಲಿ ಮಾತ್ರ ಎಂಥ ಗಿರಾಕಿಗೂ, "ನೀವು ಮುಂದೆ ನಡೀರಿ ಸಾರ್, ನನ್ಗೆ ಮಂಡಿನೋವು" ಎನ್ನುತ್ತಾಳೆ. ಮಂಡಿ ಚೆನ್ನಾಗಿಯೇ ಇದೆ. ಆಫೀಸಿನಲ್ಲಿ ಅವಳ ಪಕ್ಕದ ಮೇಜಿನ ಆರ್ಡಿತ್ ಹೋದ ಚಳಿಗಾಲದಲ್ಲಿ ಒಬ್ಬ ಗಿರಾಕಿಗೆ ದಾರಿ ತೋರಿಸುತ್ತಾ ತಾನೇ ಮೊದಲು ನೆಲಮಾಳಿಗೆಗೆ ಇಳಿದಿದ್ದಳು. ಹಿಂದಿದ್ದವನು ಅವಳನ್ನು ಅಲ್ಲೇ ಕೊಂದ. ಶವಸಂಸ್ಕಾರ ಮುಗಿಸಿ ಬಂದ ಆಫೀಸಿನ ಯಜಮಾನ ಅಲ್ಲಿನ ಹೆಂಗಸರಿಗೆಲ್ಲ ಒಂದೊಂದು ಸೀಟಿ ಹಂಚಿದ. "ಊದಿ ಯಾರನ್ನ ಕರೀಲಿ? ನಾಯೀನಾ?" ಎಂದು ವರ್ಲೀನ್ ಅದನ್ನು ಅವನ ಕಾಫಿ ಲೋಟಕ್ಕೇ ಎಸೆದಳು. ಆರ್ಡಿತ್ ಸತ್ತ ಮನೆ ಇನ್ನೂ ಮಾರಾಟವಾಗಿಲ್ಲ. ಇವತ್ತು ನಾಲ್ಕು ಗಂಟೆಗೆ ಅದನ್ನು ನೋಡಲು ಒಬ್ಬ ಬರುತ್ತಾನೆ, ತೋರಿಸಬೇಕಾದವಳು ವರ್ಲೀನ್.