ನೊಣದ ರೆಕ್ಕೆಯೂ ಸರೋಜಾ ಅವರ ದೊಡ್ಡ ಮನಸ್ಸೂ

ನೀಲಗಿರಿಯಲ್ಲಿ ತಳಿವಿಜ್ಞಾನವೆಂದರೆ ಚಹಾ, ಆಲೂಗಡ್ಡೆಗಳ ಮಾತಷ್ಟೇ ಎಂದುಕೊಂಡಿದ್ದ ಕಾಲದಲ್ಲಿ, ಹಣ್ಣಿನ ನೊಣವನ್ನೂ ಗೌರವದಿಂದ ನೋಡಲು ನಮಗೆಲ್ಲ ಕಲಿಸಿದವರು ಡಾ. ಸರೋಜಾ ಅವರು. ಕಟ್ಟಬೆಟ್ಟಿನ ಚಹಾ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಉದಕಮಂಡಲದ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಹೇಳಿ, ಈ ೨೦೦೮ರ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರನ್ನು ನೆನೆಯುವಾಗ, ಅವರ ಶಿಷ್ಯೆ ವಿದ್ಯಾಳ ಕತೆಯನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವೇ ಇಲ್ಲ.

ಮಂಜೂರಿನ ವಿದ್ಯಾ ನೊಣಗಳನ್ನು ಒಂದೇ ಕಾವಿನಲ್ಲಿ ತಲೆಮಾರುಗಟ್ಟಲೆ ಸಾಕಿ, ರೆಕ್ಕೆಯ ನರಗಳು ಹೇಗೆ ಬದಲಾಗದೆ ಉಳಿಯುತ್ತವೆಂದು ಅಭ್ಯಾಸ ಮಾಡುತ್ತಿದ್ದಳು. ೧೯೯೭ರ ಡಿಸೆಂಬರಿನಲ್ಲಿ, ಹಿಮ ಬಿದ್ದ ಒಂದು ಬೆಳಗ್ಗೆ ಕರೆಂಟು ಹೋಗಿ ಕಾವುಪೆಟ್ಟಿಗೆ ತಣ್ಣಗಾಯಿತು. ಊಟಿಯ ಚಳಿಗೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು: ಬಾಣಲೆಯಲ್ಲಿ ಕೆಂಡ ತಂದು, ಬಾಟಲಿಗಳನ್ನು ಸುತ್ತ ಕೂರಿಸಿದಳು. ಪಾಪ, ಮಕ್ಕಳಿಗೆ ಬೆಂಕಿ ಕಾಯಿಸುವಂತೆ! ಬಿಸಿ ಅತಿಯಾಯಿತು, ಕೆಲವು ದಿನಗಳಲ್ಲಿ ಪ್ಯೂಪಾ ಕೋಶದಿಂದ ಹೊರಬಂದ ಹಲವು ನೊಣಗಳ ರೆಕ್ಕೆಯಲ್ಲಿ ಅಡ್ಡನರವೇ ಇರಲಿಲ್ಲ. ಸಂಶೋಧನ ವೇತನ ಉಳಿದಿದ್ದದ್ದು ಒಂದೇ ವರ್ಷ. ಮತ್ತೆ ಮೊದಲಿನಿಂದ ಶುರುಮಾಡಿದರೆ ಪದವಿ ಕೈತಪ್ಪುವುದು ಖಂಡಿತವಾಗಿತ್ತು.

“ಮೇಡಂ, ಎಲ್ಲಾ ಹಾಳು ಮಾಡಿಬುಟ್ಟೆ. ಎಸೆದುಬುಡಲಾ?” ಎಂದು ಅವಳು ಅತ್ತಳು.

“ಎಸೆಯಬೇಡ ಕೂಸೇ. ಒಳಗೆ ಇದ್ದದ್ದೇ ಈಗ ಹೊರಗೆ ಬಂದದೆ” ಎಂದರು ಸರೋಜಾ.

ಅಳುತ್ತಿದ್ದವಳನ್ನು ಕೂರಿಸಿಕೊಂಡು ಅವರು ಪಾಠವನ್ನೇ ಆರಂಭಿಸಿದರೆನ್ನಿ! ರೆಕ್ಕೆಯನ್ನು ರೂಪಿಸುವುದು ಒಂಟಿ ಜೀನಲ್ಲ, ಜೀನುಗಳ ಜಾಲ. ಕೂಡುಕುಟುಂಬದಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಉಳಿದವರು ಕೆಲಸ ತೂಗಿಸಿಕೊಂಡು ಹೋಗುವಂತೆ, ಒಂದು ಜೀನಿನ ಕೊರತೆಯನ್ನು ಉಳಿದವು ತುಂಬಿಕೊಡುವುದರಿಂದ ರೆಕ್ಕೆ ಎಂದಿನಂತೆಯೇ ಬೆಳೆಯುತ್ತದೆ, ಸಣ್ಣಪುಟ್ಟ ವ್ಯತ್ಯಾಸಗಳು ಕಾಣದೆ ಒಳಗೇ ಉಳಿಯುತ್ತವೆ. ಅತಿಯಾದ ಬಿಸಿಗೆ ಜಾಲದ ಹಿಡಿತ ತಪ್ಪಿದಾಗ ಅವು ಹೊರಬೀಳುತ್ತವೆ; ಆಗ ವಿಕಾಸಕ್ಕೆ ಆರಿಸಿಕೊಳ್ಳಲು ಏನಾದರೂ ಸಿಗುತ್ತದೆ. ಇದನ್ನು ತೋರಿಸಿಕೊಟ್ಟರೆ ಪದವಿ ಸಿಕ್ಕಂತೆಯೇ ಎಂದು ಧೈರ್ಯ ತುಂಬಿದರು.

ಆದರೆ ಇದ್ದದ್ದು ಒಂದೇ ಕಾವುಪೆಟ್ಟಿಗೆ, ವಿದ್ಯಾಳ ಬಾಟಲಿಗಳ ಮೂಲೆಯೊಂದನ್ನು ಬಿಟ್ಟರೆ ಅದರ ತುಂಬ ಸರೋಜಾ ಅವರು ವರ್ಷಗಟ್ಟಲೆ ಸಾಕಿದ ಸ್ವಂತ ತಳಿಗಳು. ಅವನ್ನೆಲ್ಲ ತಾವೇ ಹೊರಹಾಕಿದರು. ಸಹೋದ್ಯೋಗಿ ಜಗದೀಶ್ ಅವರು “ಅಯ್ಯೋ, ನಿಮ್ಮ ಸಂಶೋಧನೆಯ ಗತಿ?” ಎಂದು ತಲೆ ಚಚ್ಚಿಕೊಂಡಾಗ, “ಮೊದಲು ಕೂಸು ಗೆಲ್ಲಲಿ” ಎಂದು ಬಾಟಲಿ ತೊಳೆಯತೊಡಗಿದರು.

ಅಡ್ಡನರವಿಲ್ಲದ ನೊಣಗಳನ್ನೇ ಆರಿಸಿ ಕೂಡಿಸಿ, ಪ್ರತಿ ತಲೆಮಾರಿನ ಕೋಶಗಳಿಗೂ ಅಳತೆಯ ಬಿಸಿ ಕೊಟ್ಟು, ಕೆಲವನ್ನು ಮಾತ್ರ ಬಿಸಿ ಸೋಕದಂತೆ ಬೇರೆ ಇಟ್ಟು ವಿದ್ಯಾ ಕಾದಳು. ಮರುವರ್ಷ ಅಕ್ಟೋಬರಿನಲ್ಲಿ, ಬಿಸಿಯೇ ಕಾಣದ ಬಾಟಲಿಯಲ್ಲೂ ಅಡ್ಡನರವಿಲ್ಲದ ನೊಣಗಳು ಹೊರಬಂದವು! ಆರಿಸಿದ ಗುಣ ಬಿಸಿಯ ಹಂಗಿಲ್ಲದೆ ವಂಶದಲ್ಲೇ ನೆಲೆಸಿತ್ತು. ಅವಳು ಗುರುವಿನ ಹೆಗಲ ಮೇಲೆ ತಲೆಯಿಟ್ಟು ಮತ್ತೆ ಅತ್ತಳು. ಪದವಿ ಬಂತು, ಇಂದು ಗೂಡಲೂರಿನಲ್ಲಿ ಅವಳೂ ಉಪನ್ಯಾಸಕಿ.

ಆ ಸಂಶೋಧನೆ ಅಚ್ಚಿಗೆ ಹೋಗುವಾಗ ವಿದ್ಯಾ ಗುರುವಿನ ಹೆಸರನ್ನು ಮೊದಲು ಬರೆದಳು. ಸರೋಜಾ ಅವರು ಅದರ ಮೇಲೆ ಗೀಟೆಳೆದರು. ಮತ್ತೆ ಬರೆದಳು, ಮತ್ತೆ ಗೀಟೆಳೆದರು. ಅವರು ನೂರು ವರ್ಷ ಬಾಳಲಿ, ಕೈಬಿಟ್ಟ ಸ್ವಂತ ಕೆಲಸವನ್ನು ಬಿಡುವಾಗಿ ಮತ್ತೆ ಹಿಡಿಯಲಿ ಎಂದು ಹಾರೈಸಿ ಈ ಅಭಿನಂದನ ಸಂಪುಟವನ್ನು ಅವರಿಗೆ ಒಪ್ಪಿಸುತ್ತಿದ್ದೇವೆ. ಸಂಪಾದಕಿ ವಿದ್ಯಾ. ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಒಂದೇ ಹೆಸರು, ಗುರುವಿನದು. ಅಚ್ಚಾಗುವವರೆಗೂ ಅವರಿಗೆ ತೋರಿಸಲಿಲ್ಲ.