ಅವ್ವನಿಗೆ ಬೇಡವಾದ ರಿಪೇರಿ

ಸ್ನೇಹಿತರೇ, ಇವತ್ತು ಮದ್ದೂರಿನ ಗ್ಯಾರೇಜಲ್ಲಿ ನಮ್ಮವ್ವ ಮೆಕ್ಯಾನಿಕ್ ಕೈ ಹಿಡಿದು ನಿಲ್ಲಿಸಿಬಿಟ್ಟಳು.

ನಿಡಘಟ್ಟದ ಹತ್ರ ನಮ್ಮ ಕಾರಿನ ಎಂಜಿನ್ ಲೈಟು ಹತ್ತಿ, ಗಾಡಿ ಗಡಗಡ ನಡುಗೋಕೆ ಶುರುವಾಗಿತ್ತು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಕೋಡ್ ನೋಡಿ, "ಒಂದು ಸಿಲಿಂಡರ್ ಕೆಲ್ಸ ಮಾಡ್ತಿಲ್ಲ ಸಾರ್, ಕಿಡಿ ಹೊತ್ತಿಸೋ ಕಾಯಿಲ್ ಹೋಗಿದೆ" ಅಂತ ಎಂಜಿನ್ ಆಫ್ ಮಾಡೋಕೆ ಹೋದ.

"ನಿಲ್ಲಿಸ್ಬ್ಯಾಡ ಕಣಪ್ಪ, ವಸಿ ಓಡ್ಲಿ ಬುಡು" ಅಂದಳು ಅವ್ವ.

"ಕೆಟ್ಟಿರೋ ಗಾಡಿ ಅಜ್ಜಿ ಇದು!"

"ನಮ್ಮೆಜಮಾನ್ರ ಕಾರೂ ಇಂಗೇ ಬಡ್ಕತಿತ್ತು ಕಣ್ಲಾ."

ಎಪ್ಪತ್ತರ ದಶಕದಲ್ಲಿ ಅಪ್ಪ ಮಳವಳ್ಳಿಯಿಂದ ಮುತ್ತತ್ತಿಗೆ ಬಾಡಿಗೆ ಕಾರು ಓಡಿಸ್ತಿದ್ದ. ಅದರದ್ದೂ ಒಂದು ಸಿಲಿಂಡರ್ ಸದಾ ಕೈಕೊಡ್ತಿತ್ತು. ಆ ಕುಂಟು ಸದ್ದು ಬೀದಿ ತಿರುವಲ್ಲಿ ಕೇಳಿದ ಕೂಡಲೇ ಅವ್ವ ಎಸರಿಗೆ ರಾಗಿಹಿಟ್ಟು ಸುರೀತಿದ್ದಳು. ಅಪ್ಪ ಕೈಕಾಲು ತೊಳೆದು ಕೂರೋ ಹೊತ್ತಿಗೆ ತಟ್ಟೆಯಲ್ಲಿ ಬಿಸಿ ಮುದ್ದೆ.

ಮೆಕ್ಯಾನಿಕ್ ಹೊಸ ಕಾಯಿಲ್ ಹಾಕಿ ಕೋಡ್ ಅಳಿಸಿದ. ಲೈಟು ಆರಿತು. ಎಂಜಿನ್ ಓಡ್ತಿದೆಯೋ ಇಲ್ಲವೋ ಅನ್ನೋಷ್ಟು ನಿಶ್ಶಬ್ದ.

"ಸರಿಹೋಯ್ತು ನೋಡಜ್ಜಿ."

"ಈಗ ಕೆಟ್ಟೋಯ್ತು" ಅಂದು ಅವ್ವ ಕಾರು ಹತ್ತಿದಳು.

ಮನೆಗೆ ಬಂದರೆ ಇನ್ನೂ ಎಸರೇ ಇಟ್ಟಿಲ್ಲ. "ನೀವು ಬಂದಿದ್ದೇ ಕೇಳಿಸ್ಲಿಲ್ಲ ಕಣ್ರೀ" ಅಂದಳು ನನ್ನ ಹೆಂಡತಿ.

ಎಂಜಿನ್ ಸರಿಮಾಡಿಸಿದ ತಪ್ಪಿಗೆ, ಮುದ್ದೆಗೆ ಕಾಯ್ತಾ ಇದನ್ನ ಬರೀತಿದ್ದೀನಿ.