ನಾಕಾದ ಹೆಂಗಸರು ಕೈ ಎತ್ತಲಿಲ್ಲ

ಮರಾಠಿ ಸೀಮೆಯ ಕಳವಾ ಎಂಬ ಊರಿನಲ್ಲಿ ನಾವಿರುವ ಕಟ್ಟಡದ ನೆಲಮಹಡಿಯಲ್ಲಿ ಪಾಲಿಕೆಯ ದವಾಖಾನೆಯಿದೆ. ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತದೆ. ಕಟ್ಟಡದ ಹಿಂದಿರುವ, ಒಂದೊಂದೇ ಕೋಣೆಯ ಮನೆಗಳ ಚಾಳಿನ ಹೆಂಗಸರಲ್ಲಿ ಹೆಚ್ಚಿನವರು ಕಲಬುರಗಿ, ರಾಯಚೂರು ಕಡೆಯವರು. ಬೆಳಕು ಹರಿಯುವಾಗಲೇ ಕೂಲಿಯವರು ಸೇರುವ ನಾಕಾಕ್ಕೆ ಹೋಗಿ ನಿಲ್ಲುತ್ತಾರೆ, ಆಳು ಹಿಡಿಯುವ ಮುಕಾದಮರು ಬಂದು ಕಟ್ಟಡದ ಕೆಲಸಕ್ಕೆ ಕರೆದೊಯ್ಯುತ್ತಾರೆ, ಮರಳುವಷ್ಟರಲ್ಲಿ ದವಾಖಾನೆಯ ಶಟರ್ ಎಂದೋ ಇಳಿದಿರುತ್ತದೆ.

ಅವರಲ್ಲೊಬ್ಬಳಿಗೆ ನನ್ನದೇ ವಯಸ್ಸು. ಅವಳ ಮಗಳಿಗೆ ಇನ್ನೂ ನಡಿಗೆ ಬಂದಿರಲಿಲ್ಲ, ದಡಾರದ ಚುಚ್ಚುಮದ್ದು ಹಾಕಿಸುವ ಹೊತ್ತು ಮೀರಿತ್ತು. ಒಮ್ಮೆ ಕೆಲಸ ಬಿಟ್ಟು ಮಗುವನ್ನು ಕರೆದುಕೊಂಡು ಬಂದಿದ್ದಳು. ಲಸಿಕೆ ಹಾಕುವ ದಿನ ಅದಲ್ಲವೆಂದು ವಾಪಸು ಕಳಿಸಿದರು. ಮರುದಿನ ಮುಕಾದಮ ಅವಳ ಜಾಗಕ್ಕೆ ಬೇರೆಯವಳನ್ನು ಹತ್ತಿಸಿಕೊಂಡು ಹೋದ. ಕಳೆದ ವರ್ಷ ಪಕ್ಕದ ಗಲ್ಲಿಯಲ್ಲಿ ಮಕ್ಕಳಿಗೆ ದಡಾರ ಕಾಣಿಸಿಕೊಂಡಾಗ ಅವಳು ನಮ್ಮ ಮೆಟ್ಟಿಲ ಹತ್ತಿರ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮುಚ್ಚಿದ ಶಟರನ್ನೇ ನೋಡುತ್ತ ನಿಂತಿರುತ್ತಿದ್ದಳು. ನಾನು ಏನೂ ಕೇಳಲಾರದೆ ಮೇಲೆ ಹತ್ತಿಬಿಡುತ್ತಿದ್ದೆ.

ಆ ದಿನಗಳಲ್ಲೇ ದವಾಖಾನೆಯ ಸಮಯದ ಬಗ್ಗೆ ನಾಗರಿಕರ ಅಭಿಪ್ರಾಯ ಕೇಳುತ್ತಾರೆಂದು ಗೋಡೆಗೆ ನೋಟಿಸು ಬಿತ್ತು. ಅದನ್ನು ಅಂಟಿಸಲು ಬಂದ ವಾರ್ಡಿನ ಆರೋಗ್ಯಾಧಿಕಾರಿ, ಚಾಳಿನವರಿಗೆ ಮರಾಠಿ ಪೂರ್ತಿ ತಿಳಿಯುವುದಿಲ್ಲ, ಕನ್ನಡ ಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿದರು. ನಮ್ಮಮ್ಮ ಹಿಂದೆಮುಂದೆ ನೋಡದೆ ನನ್ನನ್ನು ತೋರಿಸಿದರು. ನಮ್ಮ ಮನೆಮಾತು ತುಳು. ಕನ್ನಡ ನನಗೆ ಅಮ್ಮನ ವಾರಪತ್ರಿಕೆಗಳಿಂದ ಬಂದದ್ದು, ಚಾಳಿನ ಕನ್ನಡ ಕಿಟಕಿಯಿಂದ. ಅಧಿಕಾರಿ ಒಂದೇ ಷರತ್ತು ಹಾಕಿದರು: ಎರಡೂ ಕಡೆಯವರು ಹೇಳಿದ್ದನ್ನಷ್ಟೇ ಹೇಳಬೇಕು, ನನ್ನದೇನೂ ಸೇರಿಸಬಾರದು. ಆ ಷರತ್ತು ನನಗೆ ಬಹಳ ಹಿಡಿಸಿತು. ರಾಜ್ಯಶಾಸ್ತ್ರ ಓದುವಾಗ ಜನರ ಭಾಗವಹಿಸುವಿಕೆಯ ಮೇಲೆ ಪುಟಗಟ್ಟಲೆ ಬರೆದಿದ್ದೆನಾದರೂ ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ.

ಸಭೆ ನಡೆದದ್ದು ಪಾಲಿಕೆ ಶಾಲೆಯ ಹಾಲ್‌ನಲ್ಲಿ, ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಕಚೇರಿ ನಡೆಯುವ ಹೊತ್ತು ಅದು. ಯಾರೂ ಬರಲಾರರು ಎಂದುಕೊಂಡಿದ್ದೆ. ಆದರೆ ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಸ್ಲ್ಯಾಬ್ ಹಾಕಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ, ನಾಕಾ ಖಾಲಿ ಹೊಡೆಯುತ್ತಿತ್ತು. ತೊಳೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಾಕಿಕೊಂಡು, ಮಕ್ಕಳನ್ನು ಕಟ್ಟಿಕೊಂಡು ಚಾಳಿನ ಹೆಂಗಸರೆಲ್ಲ ಬಂದರು. ಕುರ್ಚಿ ಸಾಲದೆ ನೆಲದ ಮೇಲೆ ಕೂತರು.

ಅಧಿಕಾರಿ ಒಂಬತ್ತರಿಂದ ಒಂದರವರೆಗಿನ ಸಮಯವನ್ನೇ ಮುಂದುವರಿಸುವ ಪ್ರಸ್ತಾವ ಓದಿದರು. ಯಾರದಾದರೂ ಹರಕತ್ ಇದ್ದರೆ ಕೈ ಮೇಲೆತ್ತಿ ಎಂದರು. ತಕರಾರು ಇದ್ದವರು ಕೈ ಎತ್ತಬೇಕಂತೆ ಎಂದು ನಾನು ಕನ್ನಡದಲ್ಲಿ ಹೇಳಿದೆ.

ಒಂದು ಕೈಯೂ ಏಳಲಿಲ್ಲ.

ಅವರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಹೇಳಿದೆ. ಲಸಿಕೆ ತಪ್ಪಿದ ಆ ಮಗುವಿನ ತಾಯಿಯ ಮೊಣಕೈ ತುಸು ಅಲುಗಿತು. ಪಕ್ಕದಲ್ಲಿದ್ದ, ಚಾಳಿನವರೆಲ್ಲ ಮೌಶಿ ಎಂದು ಕರೆಯುವ ಹಿರಿಯಾಕೆ ಅದನ್ನು ಮೆಲ್ಲಗೆ ಅವಳ ಮಡಿಲಿಗೆ ಒತ್ತಿದಳು. ಹರಕತ್ ಇಲ್ಲ ಎಂದು ಬರೆದುಕೊಳ್ಳಲು ಅಧಿಕಾರಿ ಗುಮಾಸ್ತನಿಗೆ ಹೇಳಿದರು.

ಮೌಶಿಯ ಆ ಕೈ ನೋಡಿದ್ದೇ ನನಗೆ ಎಲ್ಲ ಹೊಳೆಯಿತು. ದಿನಾ ಸ್ಟೇಷನ್‌ಗೆ ಹೋಗುವಾಗ ನಾಕಾ ದಾಟಿಯೇ ಹೋಗುತ್ತೇನೆ. ಅಲ್ಲಿ ಮುಕಾದಮ ಬಂದು ಯಾರು ಬರುತ್ತೀರಿ ಎಂದು ಕೂಗಿದರೆ ಯಾರೂ ಕೈ ಎತ್ತುವುದಿಲ್ಲ. ಮೊದಲು ಎತ್ತಿದವಳು ಯಾವ ಕೂಲಿಗೆ ಒಪ್ಪುತ್ತಾಳೋ ಅದೇ ಎಲ್ಲರ ಕೂಲಿ. ಹಾಗಾಗಿ ಅವನು ರೇಟ್ ಹೇಳುವ ತನಕ ಎಲ್ಲರೂ ಮೌಶಿಯ ಮುಖ ನೋಡುತ್ತಾರೆ, ಮೌಶಿ ರಸ್ತೆ ನೋಡುತ್ತಾಳೆ. ಇಲ್ಲಿಯೂ ಅವರು ಕಾಯುತ್ತಿದ್ದರು. ಗುಮಾಸ್ತ ಬರೆಯುತ್ತಿದ್ದ.

ನಾನು ಎದ್ದು ನಿಂತೆ. ಇವರು ಒಪ್ಪಿಲ್ಲ, ನೀವು ಏನು ಕೊಡುತ್ತೀರೆಂದು ಮೊದಲು ಹೇಳಲಿ ಅಂತ ಕಾಯುತ್ತಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದೆ.

"ಇದು ಅವರು ಹೇಳಿದ್ದೋ, ನೀವು ಹೇಳಿದ್ದೋ?" ಎಂದು ಅಧಿಕಾರಿ ಕೇಳಿದರು.

ನಾನು ಹೇಳಿದ್ದು ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿಸಿತು. ಮೌಶಿಯತ್ತ ತಿರುಗಿ, ನಾನು ಇಂಥ ಮಾತು ಆಡಿದ್ದೇನೆ, ಸರಿಯೋ ತಪ್ಪೋ ಎಂದು ಕೇಳಿದೆ.

"ಖರೇ ಹೇಳ್ಯಾಳ ಹುಡುಗಿ. ಮೊದಲ ಸಾಹೇಬ್ರು ಬಾಯಿ ಬಿಡ್ಲಿ," ಎಂದಳು ಮೌಶಿ. ಹಿಂದಿನ ಸಾಲಿನಲ್ಲಿ ನಗು ಹರಡಿತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಸ್ವಲ್ಪ ಯೋಚಿಸಿ, ವಾರಕ್ಕೊಂದು ಸಂಜೆ ತೆರೆದಿಡುವಂತೆ ಶಿಫಾರಸು ಮಾಡಬಹುದು ಎಂದರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಮೌಶಿ ಸೆರಗು ಕೊಡವಿ ಎದ್ದಳು. "ಏಳ್ರೇ," ಎಂದಳು. ಹಾಲ್‌ಗೆ ಹಾಲೇ ಎದ್ದು ಬಾಗಿಲ ಕಡೆ ಹೊರಟಿತು. ಸಭೆ ಮುಗಿಯಿತೆಂದು ಪ್ಯೂನ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಅಧಿಕಾರಿಯೂ ಪೆನ್ನಿನ ಮುಚ್ಚಳ ಹಾಕಿದರು.

ಆದರೆ ಅವರು ಹೋಗುತ್ತಿರಲಿಲ್ಲ. ಕಣ್ಣೆದುರಿಗಿದ್ದ ಚಪ್ಪಲಿಯನ್ನು ಹುಡುಕುತ್ತಿದ್ದರು. ಮಕ್ಕಳ ಮೂಗು ಒರೆಸುತ್ತಿದ್ದರು. ನಾಕಾದಲ್ಲೂ ಹೀಗೆಯೇ ನಾಲ್ಕು ಹೆಜ್ಜೆ ನಡೆದು ಹಿಂದಿನಿಂದ ಕೂಗು ಬರುವುದನ್ನು ಕಾಯುತ್ತಾರೆ. ನಾನು ಅಧಿಕಾರಿಯ ಮೇಜಿನ ಹತ್ತಿರ ಓಡಿದೆ. ನಿಜವಾಗಿ ಓಡಿದೆ. ಕೂಗಿ ಕರೆಯಿರಿ, ನೀವು ಕರೆಯಲಿ ಎಂದೇ ಅವರು ನಿಧಾನ ಮಾಡುತ್ತಿದ್ದಾರೆ ಎಂದೆ.

"ನೀವು ದುಭಾಷಿಯೋ ದಲ್ಲಾಳಿಯೋ?" ಎಂದರು. ಆದರೂ ಎದ್ದರು. ಬಾಗಿಲ ತನಕ ಹೋಗಿ, "ಅಹೋ ಮೌಶಿ, ಥಾಂಬಾ," ಎಂದು ತಾವೇ ಕರೆದರು.

ಮೌಶಿ ನಿಂತಳು. ಅವಸರವಿಲ್ಲದೆ ತಿರುಗಿ ಬಂದು, ಈ ಸಲ ಕುರ್ಚಿಯ ಮೇಲೆ ಕೂತಳು. ಮುಂದಿನದೆಲ್ಲ ಎಷ್ಟು ವೇಗವಾಗಿ ನಡೆಯಿತೆಂದರೆ ನಾನು ಒಂದು ಕಡೆಯ ಮಾತು ಮುಗಿಸುವಷ್ಟರಲ್ಲಿ ಇನ್ನೊಂದು ಕಡೆಯದು ಬರುತ್ತಿತ್ತು. ಎರಡು ಸಂಜೆ ಬೇಕು. ಅದರಲ್ಲೊಂದು ಸಂಜೆ ಮಕ್ಕಳ ಲಸಿಕೆ. ಬರುವವರು ಡಾಕ್ಟರೋ, ಬರೀ ಸಿಸ್ಟರೋ? ಕೊನೆಗೆ ಅಧಿಕಾರಿ ಕೈ ಚೆಲ್ಲಿದರು. ಕೇಳಿ ಮೇಲಕ್ಕೆ ಕಳಿಸುವುದಷ್ಟೇ ತಮ್ಮ ಕೆಲಸ, ಕೊಡುವ ಅಧಿಕಾರ ತಮಗಿಲ್ಲ ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ನಿಜವಾದ ಸಂಕೋಚವಿತ್ತು.

"ರೇಟ್ ಹೇಳ್ಲಾಕ ಬರದ ಮುಕಾದಮಗ ನಾಕಾಕ್ಕ ಯಾರ್ ಕಳಸ್ಯಾರ? ಹೇಳಾಂವಗ ಫೋನ್ ಹಚ್ರಿ ಸಾಹೇಬ್ರ," ಎಂದಳು ಮೌಶಿ.

ಇದನ್ನು ನಯವಾಗಿಸುವ ಆಸೆಯಾಯಿತು. ನಯವಾಗಿಸಲಿಲ್ಲ. ಒಂದಕ್ಷರ ಬಿಡದೆ ಮರಾಠಿಗೆ ತಂದೆ. ಮೊದಲು ಗುಮಾಸ್ತ ನಕ್ಕ, ಆಮೇಲೆ ಅಧಿಕಾರಿಯೇ ನಕ್ಕುಬಿಟ್ಟರು. ಮೊಬೈಲ್ ಹಿಡಿದು ಕಿಟಕಿಯ ಹತ್ತಿರ ಹೋದರು. ಹಾಲ್ ಪೂರ್ತಿ ಅವರ ಬೆನ್ನನ್ನು ನೋಡುತ್ತಿತ್ತು. ಮಗುವಿನ ತಾಯಿ ಬಂದು ನನ್ನ ಪಕ್ಕ ನಿಂತಳು. ಅವಳ ಮಗು ನನ್ನ ದುಪಟ್ಟಾದ ಅಂಚು ಹಿಡಿದು ಎಳೆಯುತ್ತಿತ್ತು.

ಅಧಿಕಾರಿ ತಿರುಗಿ ಬಂದರು. ಎರಡು ಸಂಜೆಗೆ ಒಪ್ಪಿದ್ದಾರೆ, ಡಾಕ್ಟರೇ ಬರುತ್ತಾರೆ, ಗುರುವಾರ ಸಂಜೆ ಲಸಿಕೆ, ಸದ್ಯಕ್ಕೆ ಮೂರು ತಿಂಗಳು ನೋಡೋಣ ಎಂದಿದ್ದಾರೆ ಎಂದರು. ನಾನು ಹೇಳಿದೆ. ಮೌಶಿ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಆಮೇಲೆ, ನಾಕಾದಲ್ಲಿ ಕೂಲಿಗೆ ಒಪ್ಪಿದಾಗಿನಂತೆ, ಬಳೆಗಳು ಮೊಣಕೈ ತನಕ ಜಾರುವಂತೆ ಕೈ ಎತ್ತಿದಳು. ಮಗುವಿನ ತಾಯಿಯ ಕೈ ಎದ್ದಿತು, ಹಿಂದೆಯೇ ಇಡೀ ಹಾಲ್‌ನ ಕೈಗಳು, ತಾಯಂದಿರನ್ನು ನೋಡಿ ಮಕ್ಕಳವೂ. ಗುಮಾಸ್ತ ಹರಕತ್ ಇಲ್ಲವೆಂಬ ಮೊದಲಿನ ಸಾಲು ಹೊಡೆದುಹಾಕಿದ. ಮನೆಗೆ ಬಂದವಳು ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹತ್ತಿದೆ.

ಮೊದಲ ಗುರುವಾರ ಡಾಕ್ಟರ್ ತಡವಾಗಿ ಬಂದರು. ಲೋಕಲ್ ರೈಲು ತಪ್ಪಿತೆಂದರು. ಸಾಲು ರಸ್ತೆಗೆ ಮುಟ್ಟಿತ್ತು, ಯಾರೂ ಕದಲಿರಲಿಲ್ಲ. ನಾನು ಕೆಲಸವಿಲ್ಲದಿದ್ದರೂ ಎರಡು ಸಲ ಹಾಲು ತರುವ ನೆಪದಲ್ಲಿ ಕೆಳಗಿಳಿದೆ. ಎರಡನೆಯ ಸಲ ಇಳಿದಾಗ ಆ ಮಗುವಿನ ತಾಯಿ ಒಳಗಿದ್ದಳು, ಕೆಲಸದಿಂದ ನೇರ ಬಂದಿದ್ದಳು, ಹುಬ್ಬಿನ ಮೇಲೆ ಸಿಮೆಂಟಿನ ಧೂಳು. ಮಗು ಒಮ್ಮೆ ಕಿರುಚಿತು. ಸಿಸ್ಟರ್ ಹತ್ತಿ ಒತ್ತಿ, ರಾತ್ರಿ ಜ್ವರ ಬಂದರೆ ಹೆದರಬೇಡ ಎಂದರು. ಮುಂದಿನದಕ್ಕೆ ಯಾವಾಗ ಬರುತ್ತಿ ಎಂದೂ ಕೇಳಿದರು.

"ಸಂಜೀಕ," ಎಂದಳು ಅವಳು, ಅದರಲ್ಲಿ ಕೇಳುವುದೇನಿದೆ ಎಂಬಂತೆ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಗೆ ಹೊತ್ತಾಯಿತೆಂದು ಹೊರಟಳು.